ಮಿಲಾನ್‌ನಲ್ಲಿ ಮೀನೂಟ

ಪ್ರಶ್ನೆ: ಮಗಳನ್ನು ನೋಡಲು ಮಿಲಾನ್‌ಗೆ ಹೋಗುತ್ತಿದ್ದೇವೆ. ಅವಳ ಮನೆ ಹತ್ತಿರ ಸಾರ್ಡಿನಿಯಾ ದ್ವೀಪದವರ ಸಣ್ಣ ಮೀನಿನ ಹೋಟೆಲ್ ಇದೆಯಂತೆ. ಏನು ತಿನ್ನಬೇಕು?
– ಓದುಗರೊಬ್ಬರು, ಮಂಗಳೂರು

ಉತ್ತರ: ಮರುವಾಯಿ ಹಾಕಿದ ಫ್ರೆಗೋಲಾ ತಗೊಳ್ಳಿ, ಬಿಡಬೇಡಿ. ಗೋಧಿ ರವೆಯನ್ನು ಸಬ್ಬಕ್ಕಿಯಷ್ಟು ಉಂಡೆ ಮಾಡಿ ಹುರಿದಿರುತ್ತಾರೆ. ಆ ಹುರಿದ ಘಮ, ಚಿಪ್ಪಿನ ಉಪ್ಪುಪ್ಪು ರಸ! ಮೊದಲ ಸಲ ತಿಂದಾಗ ತಟ್ಟೆಯ ತಳವನ್ನೂ ಬ್ರೆಡ್ಡಿನಿಂದ ಒರೆಸಿ ತಿಂದಿದ್ದೆ. ಇಂಥ ಹೋಟೆಲಿನಲ್ಲಿ ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಬೊತ್ತಾರ್ಗಾ ಅಂದರೆ ಉಪ್ಪು ಹಾಕಿ ಒಣಗಿಸಿದ ಮೀನಿನ ಮೊಟ್ಟೆ. ಒಣಮೀನು ಇಷ್ಟಪಡುವ ನಿಮಗೆ ಖಂಡಿತ ಹಿಡಿಸುತ್ತದೆ, ಅಲ್ವಾ? ಬಿಲ್‌ನಲ್ಲಿ ‘ಕೊಪೆರ್ತೊ’ ಅಂತ ತಲೆಗಿಷ್ಟು ಸೇರಿಸಿದ್ದರೆ ಗಾಬರಿ ಬೇಡ, ಅಲ್ಲಿ ಅದು ಮಾಮೂಲು. ಕೊನೆಗೆ ಸೆಯಾದಾಸ್: ಚೀಸ್ ತುಂಬಿ ಕರಿದು, ಮೇಲೆ ಜೇನು ಸುರಿದದ್ದು. ಇಬ್ಬರಿಗೆ ಒಂದು ಸಾಕು.