ಆಸೆ ಕುಗ್ಗಿಸಿದ್ದು ಕಾಯಿಲೆಯೋ, ಖರ್ಚೋ?

ಪ್ರಶ್ನೆ: ಮಗನಿಗೆ 15 ವರ್ಷ, ಥಲಸ್ಸೇಮಿಯಾ (ಆಗಾಗ ರಕ್ತ ಹಾಕಿಸಬೇಕಾದ ಕಾಯಿಲೆ) ಇದೆ. ಡಿಪ್ಲೊಮಾ ಓದಬೇಕೆನ್ನುತ್ತಿದ್ದ. ಈಗ ‘ನನ್ನಿಂದ ಆದ ಖರ್ಚು ಸಾಕು, ಕಿರಾಣಿ ಅಂಗಡಿ ಕೆಲಸಕ್ಕೆ ಹೋಗ್ತೀನಿ’ ಅಂತಾನೆ. ನಾವು ಕೂಲಿಯವರು. ಏನು ಮಾಡಲಿ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಇದು ಸೋಮಾರಿತನವಲ್ಲ ತಾಯಿ. ಉಳ್ಳವರ ಮನೆಯ ಹುಡುಗ ‘ಯಾವ ಕಾಲೇಜು’ ಎಂದು ಯೋಚಿಸುತ್ತಾನೆ. ಕೂಲಿಯವರ ಮನೆಯ ಹುಡುಗ ‘ಹೊರೆಯಾಗಬಾರದು’ ಎಂಬುದನ್ನೇ ಗುರಿ ಮಾಡಿಕೊಳ್ಳುತ್ತಾನೆ. ಸಾಲದ ಮಾತು ಅವನ ಮುಂದೆ ಬೇಡ. ಅವನು ಒಬ್ಬನೇ ಇರುವಾಗ ನಂಬಿಕೆಯ ಮೇಷ್ಟ್ರು ಅಥವಾ ಸೋದರಮಾವ ಕೇಳಲಿ: ‘ದುಡ್ಡಿನ ಚಿಂತೆ ಇಲ್ಲದಿದ್ದರೆ ಏನು ಓದ್ತಿದ್ದೆ?’ ಉತ್ತರ ಬದಲಾದರೆ ತಡೆದಿರುವುದು ಖರ್ಚು.

ದೇಹದ ಲೆಕ್ಕವನ್ನೂ ನೋಡಿ. ರಕ್ತ ಹಾಕುವ ಮುನ್ನ ಹಿಮೋಗ್ಲೋಬಿನ್ 9.5 ಗ್ರಾಂಗಿಂತ ಕೆಳಗಿಳಿಯುತ್ತಿದ್ದರೆ ಸುಸ್ತಾಗಿ ಓದು ಹತ್ತುವುದಿಲ್ಲ; ರಕ್ತ ಹಾಕುವ ದಿನಗಳ ಅಂತರ ಕಡಿಮೆ ಮಾಡಬೇಕೇ ಎಂದು ವೈದ್ಯರನ್ನು ಕೇಳಿ. ಪರೀಕ್ಷೆ ವೇಳಾಪಟ್ಟಿ ಬಂದ ಕೂಡಲೇ ರಕ್ತದ ದಿನ ಹೊಂದಿಸಿಕೊಳ್ಳಿ. ಪದೇಪದೇ ರಕ್ತ ಹಾಕಿಸುವುದರಿಂದ ಮೈಯಲ್ಲಿ ಸೇರುವ ಕಬ್ಬಿಣಾಂಶ ತೆಗೆಯುವ ಮಾತ್ರೆ ತಪ್ಪಿಸುವುದು ಈ ವಯಸ್ಸಿನಲ್ಲೇ ಹೆಚ್ಚು. ತಪ್ಪಿದರೆ ಹೃದಯ, ಪಿತ್ತಜನಕಾಂಗಕ್ಕೆ ಪೆಟ್ಟು. ಮೈಯಲ್ಲಿ ಕಬ್ಬಿಣಾಂಶ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ರಕ್ತಪರೀಕ್ಷೆಯನ್ನು 3 ತಿಂಗಳಿಗೊಮ್ಮೆ ಮಾಡಿಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಈಗಲೇ ಅರ್ಜಿ ಹಾಕಿ. ಪ್ರವೇಶದ ಹೊತ್ತಿಗೆ ಓಡಾಡಿದರೆ ತಡವಾಗುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಅರ್ಹತಾ ಪತ್ರವನ್ನೂ ಜೊತೆಗೇ ಮಾಡಿಸಿ. ಕಾಲೇಜು ಆರಿಸುವಾಗ ರಕ್ತನಿಧಿ ಇರುವ ಊರನ್ನೇ ನೋಡಿ.