ಹಳೆಯ ಪದ್ಮಿನಿ ಕಾರಿನ ಬಾಗಿಲೊಳಗೆ ಮಳೆನೀರು ಇಳಿಯದಂತೆ ಮಾಡುವುದು ಹೇಗೆ?

"ಸಂದಿಗೊಂದಿಗೆಲ್ಲ ಸಿಲಿಕೋನ್ ತುಂಬಿಸಿ, ಪವರ್ ವಿಂಡೋ ಹಾಕಿಸಬೇಕೆಂದಿದ್ದೇನೆ" ಎಂದು ಬರೆದಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಮೊದಲು ಆ ಟ್ಯೂಬನ್ನು ಕೆಳಗಿಡಿ.

ಅಪ್ಪನ ಪದ್ಮಿನಿ 1982ರದ್ದು. ತೀರ್ಥಹಳ್ಳಿಯ ಮನೆಯ ಕೊಟ್ಟಿಗೆಯ ಪಕ್ಕ ಆರು ವರ್ಷ ನಿಂತಿದ್ದ ಕಾರನ್ನು ಅಪ್ಪ ತೀರಿಕೊಂಡ ಮೇಲೆ ನಾನು ಎಬ್ಬಿಸಿದೆ. ಎಂಜಿನ್ ಎರಡು ದಿನದಲ್ಲಿ ಹೊತ್ತಿಕೊಂಡಿತು. ಕಿಟಕಿಗಳು ಮಾತ್ರ ನಿಮ್ಮದರಂತೆಯೇ: ಗಾಜು ಅರ್ಧಕ್ಕೆ ನಿಲ್ಲುವುದು, ಮಳೆ ಬಂದರೆ ಕಾಲಡಿಯ ಮ್ಯಾಟ್ ಒದ್ದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಬೀಡಿಂಗ್ (ಗಾಜಿಗೆ ಒತ್ತಿಕೊಂಡಿರುವ ರಬ್ಬರ್ ಪಟ್ಟಿ) ತಂದು ಹಾಕಿದೆ. ಮ್ಯಾಟ್ ಮತ್ತೆ ಒದ್ದೆ.

ಒಂದು ಸಂಜೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತು ನೋಡಿದರೆ, ಬಾಗಿಲಿನ ಅಡಿಯಂಚಿನ ಸಣ್ಣ ಸೀಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಳ್ಳ ಸಿಕ್ಕಿದ ಎಂದುಕೊಂಡೆ. ಮರುದಿನವೇ ಆ ಸೀಳುಗಳನ್ನು ಕೆರೆದು, ಎಪಾಕ್ಸಿ ಮೆತ್ತಿ, ಮೇಲೆ ಟಾರಿನ ಬಣ್ಣ ಬಳಿದೆ. ನಾಲ್ಕೂ ಬಾಗಿಲಿಗೆ! ಆ ಮಳೆಗಾಲದಲ್ಲಿ ಕಾರು ಹೊರಗೆ ಹೋದದ್ದೇ ಕಡಿಮೆ. ಹಾಗಾಗಿ ಮ್ಯಾಟ್ ಒಣಗಿಯೇ ಇತ್ತು, ನಾನು ಅದನ್ನು ನನ್ನ ಜಾಣತನದ ಲೆಕ್ಕಕ್ಕೆ ಬರೆದುಕೊಂಡೆ.

ಇಲ್ಲಿ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ. ಗಾಜು ಮೇಲೆ ಕೆಳಗೆ ಓಡಾಡಬೇಕಾದರೆ ಅದರ ಹೊರಬದಿಯ ಬೀಡಿಂಗ್ ಗಾಜನ್ನು ಒರೆಸಬಹುದೇ ಹೊರತು ಪೂರ್ತಿ ಮುಚ್ಚಲಾರದು. ಗಾಜಿನ ಮೇಲೆ ಇಳಿದ ಮಳೆಯಲ್ಲಿ ಒಂದಷ್ಟು ಬಾಗಿಲಿನ ಹೊಟ್ಟೆಗೆ ಬಂದೇ ಬರುತ್ತದೆ. ಕಾರು ಕಟ್ಟಿದವರಿಗೆ ಅದು ಗೊತ್ತಿತ್ತು. ಅದಕ್ಕೇ ಅಡಿಯಲ್ಲಿ ಆ ಸೀಳುಗಳನ್ನು ಬಿಟ್ಟಿದ್ದರು. ಎಂದರೆ ನೀವು ಕೇಳಿದ ಪ್ರಶ್ನೆಯೇ ತಪ್ಪು. ನೀರು ಒಳಗೆ ಇಳಿಯಲಿ, ಹೊರಗೆ ಹೋಗುತ್ತಿದೆಯೇ ಎಂದು ನೋಡಿ. ನಾನು ಮುಚ್ಚಿದ್ದು ಸೋರಿಕೆಯನ್ನಲ್ಲ, ಬಚ್ಚಲ ತೂಬನ್ನು.

ಹಾಗಾದರೆ ಮ್ಯಾಟ್ ಒದ್ದೆಯಾದದ್ದು ಏಕೆ? ಬಾಗಿಲಿನ ಒಳಬದಿಯ ಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಿದಾಗ ಹಿಂದೆ ಒಂದು ಹರಕು ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು. ಪ್ಯಾಕಿಂಗ್ ತೆಗೆಯಲು ಯಾರೋ ಮರೆತಿದ್ದಾರೆಂದು ಕಿತ್ತು ಕಸಕ್ಕೆ ಹಾಕಿದ್ದೆ. ಒಳಗಿನ ನೀರು ಪ್ಯಾಡಿಗೆ ಎರಚದೆ ಅಡಿಗೆ ಇಳಿಯಲಿ ಎಂದು ಇದ್ದ ತಡೆ ಅದೊಂದೇ.

ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ತಿರುವಿನಲ್ಲಿ ಬಾಗಿಲು ಎಳನೀರಿನಂತೆ ಗುಳುಗುಳು ಎನ್ನತೊಡಗಿತು. ಅಡಿಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್ ತಾಗಿಸಿದರೆ ಹಪ್ಪಳದಲ್ಲಿ ಹೋದ ಹಾಗೆ ಒಳಗೆ ಹೋಯಿತು. ಗಾಜನ್ನು ಕೆಳಗಿನಿಂದ ಹಿಡಿದಿರುವ ತಗಡಿನ ಚಾನೆಲ್ಲೂ ತುಕ್ಕು ಹಿಡಿದು ಉಬ್ಬಿ ಗಾಜಿನ ಅಂಚನ್ನು ಹಿಸುಕುತ್ತಿತ್ತು. ಒಂದು ದಿನ ಹ್ಯಾಂಡಲ್ ತಿರುಗಿಸುತ್ತಿದ್ದಂತೆ ಚಾಲಕನ ಬದಿಯ ಗಾಜು ಪಟ್ಟೆಂದು ಒಡೆದು ಕಲ್ಲುಸಕ್ಕರೆಯಂತೆ ತೊಡೆಯ ಮೇಲೆ ಸುರಿಯಿತು. ಟಿಂಕರಿಂಗ್ ಮಾಡುವವರು ಎರಡು ಬಾಗಿಲುಗಳ ಅಡಿಯನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಎಂಜಿನ್ನಿಗಿಂತ ಹೆಚ್ಚು ಹಣ ಬಾಗಿಲುಗಳೇ ತಿಂದವು. "ತೂತು ಮುಚ್ಚಿದವರು ಯಾರು?" ಎಂದು ಅವರು ಕೇಳಿದಾಗ ಹಿಂದಿನ ಮೆಕ್ಯಾನಿಕ್ ಎಂದು ಸುಳ್ಳು ಹೇಳಿದೆ.

ಪವರ್ ವಿಂಡೋ ಬೇಡವೇ ಬೇಡ. ಗಾಜು ಎರಡೂ ಬದಿಯ ಒಣಗಿದ ವೆಲ್ವೆಟ್ ಚಾನೆಲ್‌ನಲ್ಲಿ (ಗಾಜು ಜಾರುವ, ಮಖಮಲ್ಲು ಹೊದಿಸಿದ ಗಾಡಿಯಲ್ಲಿ) ಸಿಕ್ಕಿಕೊಂಡಿದ್ದರೆ ಮೋಟಾರು ಏನು ಮಾಡೀತು? ಪ್ಯಾಡ್ ಬಿಚ್ಚಿ, ಗಾಜನ್ನು ಏರಿಸಿ ಇಳಿಸುವ ವಿಂಡೋ ಮಶೀನನ್ನು ಹೊರತೆಗೆದು, ಗಟ್ಟಿಯಾದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸದನ್ನು ಹಚ್ಚಿ. ವೆಲ್ವೆಟ್‌ಗೆ ಮಾತ್ರ ಗ್ರೀಸು, ಎಣ್ಣೆ ಸೋಕಿಸಬೇಡಿ, ಧೂಳು ಮೆತ್ತಿಕೊಳ್ಳುತ್ತದೆ, ಸವೆದಿದ್ದರೆ ಬದಲಿಸಿ. ಹಾಳೆಯ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಕತ್ತರಿಸಿ, ಕೆಳಗಿನ ತುದಿ ಬಾಗಿಲಿನ ಒಳಕ್ಕೆ ಹೋಗುವಂತೆ ಅಂಟಿಸಿ. ಅಡಿಯ ಸೀಳುಗಳಲ್ಲಿ ಒಂದು ತಂತಿ ಆಡಿಸಿ. ಆಮೇಲೆ ಗಾಜಿನ ಮೇಲೆ ಒಂದು ಚೊಂಬು ನೀರು ಹುಯ್ಯಿರಿ. ಅಡಿಯಿಂದ ತೊಟ್ಟಿಕ್ಕಿದರೆ ಕೆಲಸ ಮುಗಿದ ಹಾಗೆ.

ಕಿತ್ತದ್ದನ್ನು ಏನನ್ನೂ ಎಸೆಯಬೇಡಿ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ಟ್ಯಾಕ್ಸಿಗಳಿಂದ ಕಳಚಿದ ಬಾಗಿಲು, ಹ್ಯಾಂಡಲ್‌ಗಳೂ ಇನ್ನು ಹೊಸದಾಗಿ ಬರುವುದಿಲ್ಲ. ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಬೀಡಿಂಗ್‌ನ ಒಂದು ಗೇಣು ತುಂಡು ಜೇಬಿನಲ್ಲಿರಲಿ. ಬಾಯಿಮಾತಿನಲ್ಲಿ ವಿವರಿಸಿ ತಂದ ಆರು ಮೀಟರ್ ನಮ್ಮ ಅಟ್ಟದ ಮೇಲೆ ಇನ್ನೂ ಇದೆ.