ಪ್ರಶ್ನೋತ್ತರ: ಹೆಡ್‌ಫೋನ್ ಆಂಪ್ ವಾಲ್ವ್‌ಗೆ ವೋಲ್ಟೇಜ್ ಸಾಲ್ತಿಲ್ಲ, ಯಾಕೆ?

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಸರ್ಕ್ಯೂಟ್ ಬಗ್ಗೆ, ಅದಕ್ಕೇ ಒಟ್ಟಿಗೆ ತಗೊಂಡಿದೀನಿ. ಗೊತ್ತಿಲ್ಲದವರಿಗೆ ಸರ್ಕ್ಯೂಟ್ ಏನು ಅಂತ ಮೊದಲೇ ಹೇಳ್ಬಿಡ್ತೀನಿ. ಒಂದು 12ಎಯು7 ವಾಲ್ವ್ (ಒಂದೇ ಗಾಜಿನೊಳಗೆ ಎರಡು ವಾಲ್ವ್ ಇರೋ ಥರದ್ದು), ಅದರ ಒಂದರ್ಧ ಎಡ ಚಾನಲ್‌ಗೆ ಇನ್ನರ್ಧ ಬಲಕ್ಕೆ, ಅದರ ಪ್ಲೇಟ್ (ಸಿಗ್ನಲ್ ಹೊರಬರೋ ಕಡೆ) ನೇರವಾಗಿ 6080 ಅನ್ನೋ ಇನ್ನೊಂದು ವಾಲ್ವ್‌ನ ಗ್ರಿಡ್‌ಗೆ (ಸಿಗ್ನಲ್ ಒಳಹೋಗೋ ಕಡೆ), ಮಧ್ಯೆ ಕೆಪಾಸಿಟರ್ ಇಲ್ಲ. 6080 ಕ್ಯಾಥೋಡ್ ಫಾಲೋವರ್ ಆಗಿ, ಅಂದ್ರೆ ಸಿಗ್ನಲ್‌ನ ತನ್ನ ಕ್ಯಾಥೋಡ್‌ನಿಂದ ಹೊರಗೆ ಕೊಡೋ ಹಾಗೆ, ಕೆಲಸ ಮಾಡುತ್ತೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲ. ಪವರ್ ಸಪ್ಲೈಗೆ 150 ವೋಲ್ಟ್ ಎಸಿ, ಅದನ್ನ ಡಿಸಿ ಮಾಡೋಕೆ ಡಯೋಡ್ ಬ್ರಿಡ್ಜ್, 220 ಮೈಕ್ರೋಫ್ಯಾರಡ್ ಕೆಪಾಸಿಟರ್, ಆಮೇಲೆ 470 ಓಮ್ ರೆಸಿಸ್ಟರ್, ಮತ್ತೊಂದು 220 ಕೆಪಾಸಿಟರ್. ಎಲ್ಲಾ ಸರಿ ಇದ್ರೆ ಮೊದಲ ಕೆಪಾಸಿಟರ್ ಮೇಲೆ ಸುಮಾರು 205 ವೋಲ್ಟ್, ಎರಡನೇದರ ಮೇಲೆ 170, 12ಎಯು7 ಪ್ಲೇಟ್‌ನಲ್ಲಿ 75, 6080 ಕ್ಯಾಥೋಡ್‌ನಲ್ಲಿ 100, ಹೀಟರ್‌ಗೆ (ವಾಲ್ವ್ ಒಳಗೆ ಕಾಯೋ ತಂತಿ) 6.3 ಬರ್ಬೇಕು.

ಪ್ರಶ್ನೆ: ಸಾರ್, 170 ಬರ್ಬೇಕಾದ ಕಡೆ 135 ಬರ್ತಿದೆ, ಮೊದಲ ಕೆಪಾಸಿಟರ್ ಮೇಲೆ 162. ಹೀಟರ್ 5 ವೋಲ್ಟ್. ಸಂಜೆ ಕೇಳಿದ್ರೆ ಸೌಂಡ್ ಸಪ್ಪೆ, ರಾತ್ರಿ ಹನ್ನೊಂದರ ಮೇಲೆ ಪರವಾಗಿಲ್ಲ ಅನಿಸುತ್ತೆ. 470 ಓಮ್ ತೆಗೆದು 220 ಹಾಕ್ಲಾ, ಇಲ್ಲ ಟ್ರಾನ್ಸ್‌ಫಾರ್ಮರ್ ಇನ್ನೊಂದು ಸಲ ಸುತ್ತಿಸ್ಲಾ? (ಹೊಸದುರ್ಗ ತಾಲ್ಲೂಕಿನ ಓದುಗರು)

ಉತ್ತರ: ಎರಡೂ ಬೇಡ. ನೀವು ಕೊಟ್ಟಿರೋ ನಂಬರ್‌ಗಳನ್ನ ಸರಿಯಾಗಿ ಇರಬೇಕಾದ ನಂಬರ್‌ಗಳಿಂದ ಭಾಗಿಸಿ ನೋಡಿ. 135ನ್ನ 170ರಿಂದ, 162ನ್ನ 205ರಿಂದ, 5ನ್ನ 6.3ರಿಂದ, ಮೂರಕ್ಕೂ 0.79 ಬರುತ್ತೆ. ಆಂಪ್ ಒಳಗೆ ಏನಾದ್ರೂ ಕೆಟ್ಟಿದ್ರೆ ಹೀಗೆ ಎಲ್ಲಾ ಕಡೆ ಒಂದೇ ಅಳತೆಯಲ್ಲಿ ಇಳಿಯೋದು ಕಷ್ಟ, ಯಾಕಂದ್ರೆ ಹೀಟರ್‌ಗೂ ಹೈ ವೋಲ್ಟೇಜ್‌ಗೂ ಟ್ರಾನ್ಸ್‌ಫಾರ್ಮರ್ ಬಿಟ್ರೆ ಬೇರೆ ಸಂಬಂಧವೇ ಇಲ್ಲ. ಅಂದ್ರೆ ಟ್ರಾನ್ಸ್‌ಫಾರ್ಮರ್‌ಗೇ ಕಮ್ಮಿ ಹೋಗ್ತಿದೆ. 230ರ 0.79 ಅಂದ್ರೆ 182, ಸಂಜೆ ಏಳಕ್ಕೆ ಗೋಡೆ ಸಾಕೆಟ್‌ಗೆ ಮೀಟರ್ ಹಿಡಿದ್ರೆ ಅಷ್ಟೇ ತೋರಿಸುತ್ತೆ ಅಂತ ಅಂದ್ಕೊಂಡಿದೀನಿ. ಊರಿನ ಟಿಸಿ (ಬೀದಿಯ ಕರೆಂಟ್ ಟ್ರಾನ್ಸ್‌ಫಾರ್ಮರ್) ಮೇಲೆ ಲೋಡ್ ಜಾಸ್ತಿ ಇರೋ ಹೊತ್ತು ಅದು, ರಾತ್ರಿ ಲೋಡ್ ಇಳಿದ ಮೇಲೆ ನಿಮ್ಮ ಆಂಪ್ ತಾನಾಗೇ ಸರಿಹೋಗೋದೂ ಅದಕ್ಕೇ.

470ನ್ನ 220 ಮಾಡಿದ್ರೆ ಒಂದು 14 ವೋಲ್ಟ್ ಸಿಗಬಹುದು ಅಷ್ಟೇ, ಹೀಟರ್ 5ರಲ್ಲೇ ಇರುತ್ತೆ, ಮೇಲೆ ಹಮ್ (ಗುಂಯ್ ಅನ್ನೋ ಸದ್ದು) ಜಾಸ್ತಿ ಆಗುತ್ತೆ. ಟ್ರಾನ್ಸ್‌ಫಾರ್ಮರ್ ಸುತ್ತಿಸೋದು ಇನ್ನೂ ಅಪಾಯ, 182ಕ್ಕೆ ಹೀಟರ್ 6.3 ಬರೋ ಹಾಗೆ ಸುತ್ತಿಸ್ತೀರಿ ಅಂತ ಇಟ್ಕೊಳ್ಳಿ, ಮಧ್ಯರಾತ್ರಿ ಲೈನ್‌ನಲ್ಲಿ 240 ಬಂದ್ರೆ ಹೀಟರ್‌ಗೆ 8 ವೋಲ್ಟ್ ದಾಟುತ್ತೆ, ವಾಲ್ವ್ ಕಥೆ ಮುಗೀತು. ಹೀಟರ್ ಸಾಮಾನ್ಯವಾಗಿ ತಡೆಯೋದು ಆಚೆ ಈಚೆ ಹತ್ತು ಪರ್ಸೆಂಟ್, ಅಂದ್ರೆ 5.7ರಿಂದ 6.9. ಇಡೀ ಆಂಪ್ ತಗೊಳ್ಳೋದು 40 ವ್ಯಾಟ್ ಆಸುಪಾಸು, ಟಿವಿಗೆ ಇಡ್ತಾರಲ್ಲ ಆ ಥರದ ಚಿಕ್ಕ ಸ್ಟೆಬಿಲೈಸರ್ ಸಾಕು. ರಿಲೇ ಥರದ್ದು ಟಕ್ ಟಕ್ ಅಂತ ಮೆಟ್ಟಿಲು ಬದಲಾಯಿಸುವಾಗ ಹೆಡ್‌ಫೋನ್‌ನಲ್ಲಿ ಕೇಳಿಸಬಹುದು, ಅದು ಸಹಿಸಕ್ಕಾಗಲ್ಲ ಅಂದ್ರೆ ಸರ್ವೋ (ಮೋಟರ್‌ನಿಂದ ಮೆಲ್ಲಗೆ ಸರಿಹೊಂದಿಸೋದು) ತಗೊಳ್ಳಿ.

ಪ್ರಶ್ನೆ: ನನ್ನದೂ 162 ಮತ್ತು 135. ಆದ್ರೆ ಮನೆಗೆ 232 ವೋಲ್ಟ್ ಬರ್ತಿದೆ, ಹೀಟರ್ ಸರಿಯಾಗಿ 6.3. ವಾಲ್ವ್ ತೆಗೆದಿಟ್ಟು ಆನ್ ಮಾಡಿದ್ರೆ 212 ತೋರಿಸುತ್ತೆ, ಹಾಕಿದ ತಕ್ಷಣ ಇಳಿಯುತ್ತೆ, ಗುಂಯ್ ಅಂತ ಹಮ್ ಬೇರೆ. 6080 ಬೇರೆ ತರಿಸಿ ಹಾಕಿದೆ, ಅದೇ ಕಥೆ. ಬ್ರಿಡ್ಜ್ ಡಯೋಡ್ ಹೋಗಿದ್ಯಾ? ಕೆಪಾಸಿಟರ್‌ಗಳು ಹಳೇ ಟಿವಿ ಬೋರ್ಡ್‌ನಿಂದ ಕಿತ್ತಿದ್ದು. (ಉಡುಪಿ)

ಉತ್ತರ: ಮಾರಾಯ್ರೆ, ಕೊನೇ ಸಾಲಿನಲ್ಲೇ ಉತ್ತರ ಬರೆದುಬಿಟ್ಟಿದೀರಿ! ಹೊಸದುರ್ಗದವರದ್ದೂ ನಿಮ್ಮದೂ ಒಂದೇ ನಂಬರ್, ಆದ್ರೆ ನಿಮ್ಮ ಹೀಟರ್ ಸರಿ ಇದೆ, ಹಾಗಾಗಿ ಗೋಡೆ ಕಡೆ ನೋಡೋದು ಬೇಡ. 6080 ಜಾಸ್ತಿ ಎಳೀತಿದ್ಯಾ ಅಂದ್ರೆ ಅದೂ ಇಲ್ಲ. 470 ಓಮ್ ಮೇಲೆ ಬೀಳ್ತಿರೋದು 27 ವೋಲ್ಟ್, 470ರಿಂದ ಭಾಗಿಸಿದ್ರೆ 57 ಮಿಲಿಆಂಪ್, ಸರಿ ಇದ್ದಾಗ ಹರಿಯೋದೇ 75. ಕಮ್ಮಿ ಎಳೀತಿರೋ ವಾಲ್ವ್ ಮೇಲೆ ಯಾಕೆ ತಪ್ಪು ಹೊರಿಸೋದು. ಶಾರ್ಟ್ ಆಗಿದ್ರೆ ಈ ರೆಸಿಸ್ಟರ್ ಮೇಲೆ 70, 80 ವೋಲ್ಟ್ ಬಿದ್ದು ಅದು ಮುಟ್ಟಕ್ಕಾಗದ ಹಾಗೆ ಕಾಯ್ತಿತ್ತು.

ಡಯೋಡ್ ಒಂದು ಓಪನ್ ಆದ್ರೂ ಇಷ್ಟು ಇಳಿಯಲ್ಲ, ಕೆಪಾಸಿಟರ್ ಗಟ್ಟಿ ಇದ್ರೆ ನಾಲ್ಕೈದು ವೋಲ್ಟ್ ಹೋಗಬಹುದು, ಹಮ್ 100 ಹರ್ಟ್ಸ್ ಬದಲು 50 ಆಗುತ್ತೆ. ನಿಮ್ಮಲ್ಲಿ ಒಣಗಿರೋದು ಮೊದಲನೇ 220, ಇಲ್ಲ ಅದರ ಕಾಲಿನ ಬೆಸುಗೆ ಬಿಟ್ಟಿದೆ. ವಾಲ್ವ್ ಇಲ್ಲದಾಗ 212 ಬಂದಿದ್ದು ಹೇಗೆ ಅಂತೀರಾ, ಎರಡನೇ ಕೆಪಾಸಿಟರ್ 470 ಓಮ್ ಮೂಲಕವೇ ಪೀಕ್‌ವರೆಗೂ ತುಂಬ್ಕೊಳ್ಳುತ್ತೆ, ಖಾಲಿ ಮಾಡೋರು ಯಾರೂ ಇಲ್ವಲ್ಲ. ಲೋಡ್ ಇಲ್ಲದೆ ಅಳೆದ ವೋಲ್ಟೇಜ್‌ನ ಯಾವತ್ತೂ ನಂಬಬೇಡಿ.

ಖಾತ್ರಿ ಮಾಡ್ಕೋಬೇಕಂದ್ರೆ ಮೊದಲ ಕೆಪಾಸಿಟರ್ ಮೇಲೆ ಮೀಟರ್‌ನ ಎಸಿಯಲ್ಲಿ ಇಟ್ಟು ನೋಡಿ, ಸರಿ ಇದ್ರೆ ಒಂದು ವೋಲ್ಟ್ ಆಸುಪಾಸು, ನಿಮ್ಮಲ್ಲಿ ಹತ್ತಾರು ವೋಲ್ಟ್ ಬರುತ್ತೆ. ಒಂದು ಮಾತು, ಕಡಿಮೆ ಬೆಲೆಯ ಹಳದಿ ಮೀಟರ್‌ಗಳು ಎಸಿ ರೇಂಜ್‌ನಲ್ಲಿ ಡಿಸಿಯನ್ನೂ ಸೇರಿಸಿ ಏನೇನೋ ತೋರಿಸ್ತವೆ, ಅಂಥದ್ದಾದ್ರೆ ಪ್ರೋಬ್‌ಗೆ ಸೀರೀಸ್‌ನಲ್ಲಿ 0.1 ಮೈಕ್ರೋಫ್ಯಾರಡ್ 630 ವೋಲ್ಟ್ ಕೆಪಾಸಿಟರ್ ಹಾಕಿ ಅಳೀರಿ. ಆಮೇಲೆ ಪ್ಲಗ್ ಕಿತ್ತು, 10 ಕಿಲೋಓಮ್ 5 ವ್ಯಾಟ್ ರೆಸಿಸ್ಟರ್‌ನ ಎರಡೂ ಕೆಪಾಸಿಟರ್‌ಗೆ ಒಂದೊಂದು ಅರ್ಧ ನಿಮಿಷ ಹಿಡಿದು ಖಾಲಿ ಮಾಡಿ, ಸೊನ್ನೆ ಆಗಿದ್ಯಾ ಅಂತ ಮೀಟರ್‌ನಲ್ಲಿ ನೋಡಿ, ಆಮೇಲಷ್ಟೇ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಚಟಾರ್ ಅನ್ನಿಸೋ ಚಾಳಿ ಬಿಡಿ ದಯವಿಟ್ಟು. ಹೊಸದು 350 ವೋಲ್ಟ್‌ನದ್ದೇ ಹಾಕಿ, 250ರದ್ದು ಲೈನ್ ಏರಿದಾಗ ಅಂಚಿಗೆ ಬಂದುಬಿಡುತ್ತೆ.

ಪ್ರಶ್ನೆ: ಬಿ ಪ್ಲಸ್ (ಎರಡನೇ ಕೆಪಾಸಿಟರ್ ಮೇಲಿನ ವೋಲ್ಟೇಜ್) 170 ಸರಿ ಇದೆ. ಎಡ ಚಾನಲ್ ಎಲ್ಲಾ ಸರಿ. ಬಲ ಚಾನಲ್‌ನಲ್ಲಿ 6080 ಕ್ಯಾಥೋಡ್ 100ರ ಬದಲು 80, ಸೌಂಡ್ ಒಡೆಯುತ್ತೆ. 6080ರ ಅರ್ಧ ಹೋಗಿದೆ ಅಂತಿದಾರೆ ಸ್ನೇಹಿತರು. 12ಎಯು7 ಪ್ಲೇಟ್ 43, ಕ್ಯಾಥೋಡ್ 0.2. (ಬೆಂಗಳೂರು)

ಉತ್ತರ: 6080 ಹೋಗಿಲ್ಲ, ಗ್ರಿಡ್ ಎಲ್ಲಿದ್ಯೋ ಅದರ ಹಿಂದೆ ಕ್ಯಾಥೋಡ್ ಹೋಗಿದೆ ಅಷ್ಟೇ. ತೊಂದರೆ ಹಿಂದಿನ ಸ್ಟೇಜ್‌ನಲ್ಲಿದೆ. 12ಎಯು7 ಪ್ಲೇಟ್ ರೆಸಿಸ್ಟರ್ 22 ಕಿಲೋಓಮ್, ಅದರ ಮೇಲೆ 170ರಲ್ಲಿ 43 ಕಳೆದು 127 ವೋಲ್ಟ್, ಅಂದ್ರೆ 5.8 ಮಿಲಿಆಂಪ್. ಅದೇ ಕರೆಂಟ್ ಕ್ಯಾಥೋಡ್ ರೆಸಿಸ್ಟರ್‌ನಲ್ಲೂ ಹರಿಯಬೇಕಲ್ಲ, 0.2 ವೋಲ್ಟ್‌ನ 5.8 ಮಿಲಿಆಂಪ್‌ನಿಂದ ಭಾಗಿಸಿ, 34 ಓಮ್. ಅಲ್ಲಿ ಇರಬೇಕಾದ್ದು 330, ನೀವು 33 ಹಾಕಿದೀರಿ ಸ್ವಾಮಿ! ನಾಲ್ಕು ಪಟ್ಟಿಯ ರೆಸಿಸ್ಟರ್‌ನಲ್ಲಿ ಎರಡಕ್ಕೂ ಮೊದಲೆರಡು ಪಟ್ಟಿ ಕಿತ್ತಳೆ, ಮೂರನೇದು ಕಂದೋ ಕಪ್ಪೋ ಅಂತ ಟ್ಯೂಬ್‌ಲೈಟ್ ಬೆಳಕಲ್ಲಿ ಗೊತ್ತಾಗಲ್ಲ, ಎಸ್‌ಪಿ ರೋಡ್‌ನಿಂದ ತಂದ ಪಾಕೆಟ್‌ನಲ್ಲಿ ಬೆರಕೆಯೂ ಆಗಿರಬಹುದು, ಬೆಸೆಯೋ ಮುಂಚೆ ಒಂದೊಂದನ್ನೂ ಅಳೆದುಬಿಡಿ. ಅದು 330 ಆದ್ರೆ ಕ್ಯಾಥೋಡ್‌ನಲ್ಲಿ 1.4, 1.5 ವೋಲ್ಟ್ ಬಂದು ಪ್ಲೇಟ್ ತಾನಾಗೇ 75ರ ಹತ್ರ ಏರುತ್ತೆ. ಮಿಕ್ಕವರು ಯಾರಿಗಾದ್ರೂ ಅಲ್ಲಿ 0.2 ಅಲ್ಲದೆ ಪೂರ್ತಿ ಸೊನ್ನೆ ಬಂದ್ರೆ, ಆ ಕ್ಯಾಥೋಡ್ ರೆಸಿಸ್ಟರ್ ಪಕ್ಕದ ಬೈಪಾಸ್ ಕೆಪಾಸಿಟರ್ ಶಾರ್ಟ್ ಆಗಿದ್ಯಾ, ಸಾಕೆಟ್‌ನ 3 ಅಥವಾ 8ನೇ ಪಿನ್‌ನಿಂದ ನೆಲಕ್ಕೆ ಸೋಲ್ಡರ್ ಹರಿದಿದ್ಯಾ ನೋಡಿ.

ಪ್ರಶ್ನೆ: ವೋಲ್ಟೇಜ್ ಎಲ್ಲಾ ನೀವು ಹೇಳಿದ ಹಾಗೇ ಇದೆ, ಆದ್ರೂ ನನ್ನ 32 ಓಮ್ ಇಯರ್‌ಫೋನ್‌ನಲ್ಲಿ ಸೌಂಡ್ ಕಮ್ಮಿ. (ಧಾರವಾಡ)

ಉತ್ತರ: ಆಂಪ್ ಸರಿ ಇದೆ, ಬಿಚ್ಚಬೇಡ್ರಿ. ಇದರ ಔಟ್‌ಪುಟ್ ಇಂಪೀಡೆನ್ಸೇ (ಆಂಪ್ ಒಳಗಿನ ತಡೆ) ನೂರು ಓಮ್ ಮೇಲಿದೆ, 32 ಓಮ್ ಹಾಕಿದ್ರೆ ಮುಕ್ಕಾಲು ಪಾಲು ಸಿಗ್ನಲ್ ಒಳಗೇ ಉಳಿಯುತ್ತೆ. 300 ಓಮ್‌ನ ಹೆಡ್‌ಫೋನ್ ಯಾರ ಹತ್ರಾನಾದ್ರೂ ಇದ್ರೆ ಒಂದಿನ ಇಸ್ಕೊಂಡು ಹಾಕಿ ನೋಡ್ರಿ.